ಕಾರ್ಖಾನೆಯ ರೈಫಲ್ಲಿನ ಗುರಿ ಸುಧಾರಿಸುವುದು: ಮಳೆಯ ಊರಿನವರಿಗೆ ಕೆಲವು ಕ್ರಮಗಳು

ಶಿರಸಿ, ಸಿದ್ದಾಪುರದ ಕಡೆ ಪರವಾನಗಿ ಪಡೆದು ರೈಫಲ್ ಇಟ್ಟುಕೊಂಡ ತೋಟಿಗರಲ್ಲಿ ಅನೇಕರು, ಈಡು ಗುರಿಗೆ ತಾಗುತ್ತಿಲ್ಲ ಎಂದೊಡನೆ ಹೊಸ ಸ್ಕೋಪಿನ, ಅಂದರೆ ಗುರಿ ನೋಡುವ ದುರ್ಬೀನಿನ, ಬೆಲೆ ವಿಚಾರಿಸುತ್ತಾರೆ. ನಮ್ಮ ಹವೆಯಲ್ಲಿ ಮೊದಲು ನೋಡಬೇಕಾದದ್ದು ನಳಿಗೆಯನ್ನು ಹೊತ್ತಿರುವ ಕೋವಿಯ ಮರವನ್ನು ಎಂಬುದು ನನ್ನ ದೃಢವಾದ ಅಭಿಪ್ರಾಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಕೂಡದೆ ಹೋಗುವಂತೆಯೇ ರೈಫಲ್ಲಿನ ಮರವೂ ತೇವ ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹಾಗೆ ಉಬ್ಬಿದ ಮರ ನಳಿಗೆಯನ್ನು ಒಂದು ಬದಿಯಿಂದ ಒತ್ತತೊಡಗಿದರೆ, ಎಷ್ಟೇ ಒಳ್ಳೆಯ ಸ್ಕೋಪ್ ಕೂರಿಸಿದರೂ ಗುಂಡು ಬೀಳುವ ಜಾಗ ಸರಿಯುತ್ತಲೇ ಇರುತ್ತದೆ.

ಕೆಲಸಕ್ಕೆ ಕೈಹಾಕುವ ಮೊದಲು ರೈಫಲ್ ಈಗ ಏನು ಮಾಡುತ್ತಿದೆ ಎಂಬುದು ಕಾಗದದ ಮೇಲೆ ಗೊತ್ತಾಗಬೇಕು. ಇದನ್ನು ಅನುಮತಿ ಇರುವ ರೈಫಲ್ ರೇಂಜಿನಲ್ಲಿಯೇ ಮಾಡಬೇಕು. ಅದಕ್ಕಾಗಿ ದೂರ ಹೋಗಬೇಕಾದರೂ ಸರಿ, ತೋಟದಲ್ಲಿ ಅಥವಾ ಬೆಟ್ಟದಲ್ಲಿ ಬೇಡ. ರೈಫಲ್ಲಿಗೆ ಬೇಟೆಯ ರೈಫಲ್ ಎಂಬ ಹೆಸರು ಉಳಿದಿದ್ದರೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮಲ್ಲಿ ಬೇಟೆಯನ್ನು ನಿಷೇಧಿಸಿದೆ. ಇಲ್ಲಿ ಹೇಳುವುದೆಲ್ಲ ಗುರಿಹಲಗೆಯ ಮಾತು.

ಹಳೆಯ ಪ್ಯಾಂಟಿನ ಕಾಲನ್ನು ಕತ್ತರಿಸಿ, ಒಣ ಮರಳು ತುಂಬಿ, ಎರಡೂ ತುದಿ ಹೊಲಿದರೆ ಒಳ್ಳೆಯ ಆಸರೆಯಾಗುತ್ತದೆ. ಮರದ ಮುಂಭಾಗವನ್ನು ಅದರ ಮೇಲಿಡಬೇಕೇ ಹೊರತು ನಳಿಗೆಯನ್ನು ಎಂದೂ ಇಡಬಾರದು. ಒಂದೇ ಗುರಿಗೆ ಐದು ಗುಂಡು ಹೊಡೆದು, ಅತಿ ದೂರದ ಎರಡು ತೂತುಗಳ ನಡುವಿನ ಅಂತರವನ್ನು ಅವುಗಳ ಮಧ್ಯದಿಂದ ಮಧ್ಯಕ್ಕೆ ಅಳೆಯಿರಿ. ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲಿಗೆ ಮಿನಿಟ್ ಎನ್ನುತ್ತಾರೆ. 100 ಮೀಟರಿನಲ್ಲಿ ಅದು ಸುಮಾರು 2.9 ಸೆಂಟಿಮೀಟರ್ ಆಗುತ್ತದೆ. ಕಾರ್ಖಾನೆಯಿಂದ ಬಂದ ಸಾಧಾರಣ ರೈಫಲ್ ಎರಡು ಮಿನಿಟಿನೊಳಗೆ, ಅಂದರೆ ಆರು ಸೆಂಟಿಮೀಟರಿನೊಳಗೆ ಐದನ್ನೂ ಕೂರಿಸಿದರೆ ಅದರ ಮೇಲೆ ದೂರು ಹೇಳುವಂತಿಲ್ಲ. ತೆಳ್ಳನೆಯ ನಳಿಗೆ ಬೇಗ ಕಾಯುವುದರಿಂದ ಎರಡು ಮೂರು ಈಡಿಗೊಮ್ಮೆ, ನಳಿಗೆಯ ಹಿಂಬದಿಯನ್ನು ಮುಚ್ಚುವ ಅಗುಳಿಯಾದ ಬೋಲ್ಟನ್ನು ತೆರೆದಿಟ್ಟು, ಕೈಗೆ ತಣ್ಣಗೆ ಹತ್ತುವವರೆಗೆ ಕಾಯಬೇಕು.

ಈಗ ಮರದ ವಿಚಾರ. ಕೋವಿಯಲ್ಲಿ ಗುಂಡಿಲ್ಲ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಒಂದು ಹತ್ತು ರೂಪಾಯಿಯ ನೋಟನ್ನು ನಳಿಗೆ ಮತ್ತು ಮರದ ನಡುವೆ ತೂರಿಸಿ ತುದಿಯಿಂದ ಹಿಂದಕ್ಕೆ ಎಳೆಯಿರಿ. ನೋಟು ತಡೆದು ನಿಂತ ಜಾಗದಲ್ಲಿ ಮರ ಒತ್ತುತ್ತಿದೆ ಎಂದರ್ಥ. ಒಮ್ಮೆ ಚುನಾವಣೆಯ ಸಮಯದಲ್ಲಿ ಠಾಣೆಯಲ್ಲಿ ಠೇವಣಿ ಇಟ್ಟಿದ್ದ ನನ್ನ ರೈಫಲ್, ಮಳೆ ಹಿಡಿದ ಮೇಲೆ ಕೈಗೆ ಬಂದಾಗ ನಾಲ್ಕು ಬೆರಳು ಎಡಕ್ಕೆ ಹೊಡೆಯತೊಡಗಿತ್ತು. ತುಕ್ಕಿನ ಒಂದೆರಡು ಚುಕ್ಕೆಗಳನ್ನು ನೋಡಿ ನಳಿಗೆಯೇ ಹಾಳಾಯಿತೆಂದು ನಾನು ಬಹಳ ನೊಂದುಕೊಂಡಿದ್ದೆ. ನೋಟು ತೂರಿಸಿ ನೋಡಿದಾಗ ಬಲಗಡೆ ತುದಿಯಿಂದ ಒಂದು ಗೇಣು ಹಿಂದೆ ಅದು ಸಿಕ್ಕಿಕೊಂಡಿತು. ನಳಿಗೆಯ ಆ ಬದಿಯಲ್ಲಿ ಉಗುರಗಲದಷ್ಟು ಜಾಗ ಉಜ್ಜಿ ಹೊಳೆಯುತ್ತಿತ್ತು.

ಹಾಗೆಂದು ಕೂಡಲೇ ಉಳಿ ಹಿಡಿದು ಮರ ಕೆತ್ತಬಾರದು. ಬ್ರಿಟಿಷ್ ಸೈನ್ಯದ ಹಳೆಯ ಲೀ-ಎನ್‌ಫೀಲ್ಡ್ ಮಾದರಿಯ ರಚನೆಯಿರುವ ರೈಫಲ್ಲುಗಳಲ್ಲಿ ಮರದ ತುದಿ ನಳಿಗೆಯನ್ನು ಕೆಳಗಿನಿಂದ ಸ್ವಲ್ಪ ಒತ್ತುವಂತೆ ಬೇಕೆಂದೇ ಕೂರಿಸಿರುತ್ತಾರೆ. ಅದನ್ನು ತೆಗೆದರೆ ಗುರಿ ಇನ್ನಷ್ಟು ಕೆಡುವ ಸಂಭವವಿದೆ. ಬದಿಯ ಒತ್ತಡ ಮಾತ್ರ ಎಲ್ಲದರಲ್ಲಿಯೂ ದೋಷವೇ. ಮರ ತೆಗೆಯುವುದು, ಬೋಲ್ಟಿನ ಮನೆಯ ಕೆಳಗೆ ಎಪಾಕ್ಸಿ ಅಂಟು ತುಂಬಿ ಲೋಹವನ್ನು ಅಲುಗದಂತೆ ಕೂರಿಸುವುದು, ಕುದುರೆಯ (ಟ್ರಿಗರಿನ) ಎಳೆತ ಹಗುರ ಮಾಡುವುದು, ಇವು ಪರವಾನಗಿ ಇರುವ ಕೋವಿ ರಿಪೇರಿಯವರ ಕೆಲಸ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ರಿಪೇರಿಗೆ ಬೇರೆಯೇ ಪರವಾನಗಿ ಬೇಕು. ಕೆಲಸ ಮುಗಿದ ಮೇಲೆ, ಕೆತ್ತಿದ ಒಳಮೈಗೂ ಎಣ್ಣೆಯನ್ನೋ ವಾರ್ನಿಷನ್ನೋ ಹಚ್ಚಿಸಿಕೊಳ್ಳಬೇಕು. ಹೊರಗೆ ಹೊಳಪು ಇದ್ದು ಒಳಗೆ ಬರಿಮರ ಉಳಿದರೆ ಮುಂದಿನ ಮಳೆಗಾಲದಲ್ಲಿ ತೇವ ಅಲ್ಲಿಂದಲೇ ಸೇರುತ್ತದೆ.

ಮರವನ್ನೂ ಲೋಹವನ್ನೂ ಕೂಡಿಸಿ ಹಿಡಿದಿರುವ ಸ್ಕ್ರೂಗಳನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ತಯಾರಕರು ಹೇಳಿದಷ್ಟು ಬಿಗಿ ಮಾಡಿ, ಸ್ಕ್ರೂವಿನ ತಲೆಯ ಸೀಳು ನಿಂತ ದಿಕ್ಕಿಗೆ ಪೆನ್ಸಿಲಿನಿಂದ ಗುರುತು ಹಾಕಿಟ್ಟರೆ, ಅದು ಸಡಿಲಾದದ್ದು ಮುಂದಿನ ಸಲ ನೋಡಿದೊಡನೆ ತಿಳಿಯುತ್ತದೆ. ಸ್ಕೋಪನ್ನು ಹಿಡಿದಿರುವ ಬಳೆಗಳ ಸ್ಕ್ರೂಗಳಿಗೂ ಇದೇ ಕ್ರಮ.

ನಳಿಗೆಯನ್ನು ಒಂದೇ ತುಂಡಿನ ಸರಳಿನಿಂದ, ಬೋಲ್ಟ್ ತೆಗೆದು ಹಿಂದಿನಿಂದಲೇ ಶುಚಿ ಮಾಡಬೇಕು. ಮುಂದಿನಿಂದ ಸರಳು ತೂರಿಸಿದರೆ ಬಾಯಿಯ ಅಂಚು ಸವೆಯುತ್ತದೆ, ಗುಂಡು ಕೊನೆಯದಾಗಿ ಬಿಟ್ಟುಹೋಗುವುದು ಆ ಅಂಚನ್ನೇ. ಕಿವಿಗೆ ಬಳಸುವ ಹತ್ತಿಯ ಕಡ್ಡಿಯನ್ನು ಬಾಯಿಯ ಒಳ ಅಂಚಿನಲ್ಲಿ ಒಳಗಿನಿಂದ ಹೊರಕ್ಕೆ ಎಳೆಯುತ್ತ ಸುತ್ತಲೂ ಬನ್ನಿ. ಎಲ್ಲಿಯಾದರೂ ಎಳೆ ಸಿಕ್ಕಿ ಉಳಿದರೆ ಅಲ್ಲಿ ಚಿಕ್ಕ ಮುಳ್ಳು ಎದ್ದಿದೆ, ರಿಪೇರಿಯವರಿಗೆ ತೋರಿಸಿ. ಗುಂಡಿನ ಹೊದಿಕೆಯಿಂದ ನಳಿಗೆಯೊಳಗೆ ಅಂಟಿದ ತಾಮ್ರವನ್ನು ಕರಗಿಸುವ ದ್ರಾವಣ ಹಾಕಿದಾಗ ಬಟ್ಟೆಯ ತುಂಡು ನೀಲಿ ಅಥವಾ ಹಸಿರಾಗಿ ಬರುತ್ತಿದ್ದರೆ ಒಳಗೆ ತಾಮ್ರ ಇನ್ನೂ ಉಳಿದಿದೆ. ಕಾರವಾರ, ಅಂಕೋಲಾದ ಉಪ್ಪುಗಾಳಿಗೆ ನಳಿಗೆಯೊಳಗೆ ಎಣ್ಣೆ ಸವರದೆ ಇಡುವಂತಿಲ್ಲ, ಆದರೆ ಹೊಡೆಯುವ ಮುಂಚೆ ಅದನ್ನು ಒಣಬಟ್ಟೆಯಿಂದ ಪೂರ್ತಿ ತೆಗೆಯಬೇಕು, ಇಲ್ಲವಾದರೆ ಮೊದಲ ಈಡು ಉಳಿದವುಗಳಿಂದ ದೂರ ಬೀಳುತ್ತದೆ.

ತೋಟೆಗಳಲ್ಲಿ (ಕಾರ್ಟ್ರಿಜ್‌ಗಳಲ್ಲಿ) ಸಿಗುವಷ್ಟು ಬಗೆಗಳನ್ನು ಪರೀಕ್ಷಿಸಿ, ಗುಂಡುಗಳು ಒತ್ತಾಗಿ ಕೂಡಿ ಬಿದ್ದ ಬಗೆಯನ್ನೇ, ಸಾಧ್ಯವಾದರೆ ಒಂದೇ ಲಾಟಿನಿಂದ, ಅಂದರೆ ಒಟ್ಟಿಗೆ ತಯಾರಾದ ಒಂದೇ ಕಂತಿನಿಂದ ಕೊಳ್ಳಿ. ಬಗೆ ನಿಶ್ಚಯವಾದ ಮೇಲೆಯೇ ಸ್ಕೋಪಿನ ಗುರಿ ಸರಿಪಡಿಸುವ ತಿರುಪನ್ನು ತಿರುಗಿಸಬೇಕು. ಆ ತಿರುಪಿನ ಕಾಲು ಮಿನಿಟಿನ ಒಂದು ಕ್ಲಿಕ್ 100 ಮೀಟರಿನಲ್ಲಿ ಗುಂಡನ್ನು ಸುಮಾರು 7 ಮಿಲಿಮೀಟರ್ ಸರಿಸುತ್ತದೆ. ಒಂದೊಂದು ಬದಲಾವಣೆಯ ನಂತರವೂ ಐದು ಈಡಿನ ಕಾಗದವನ್ನು ತಾರೀಖು ಬರೆದು ಎತ್ತಿಡಿ. ಜನವರಿಯ ಕಾಗದವನ್ನೂ ಮಳೆ ಕಳೆದು ಅಕ್ಟೋಬರಿನಲ್ಲಿ ಹೊಡೆದ ಕಾಗದವನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದಾಗ, ಮರ ಇನ್ನೂ ಅಲುಗುತ್ತಿದೆಯೋ ನಿಂತಿದೆಯೋ ಎಂಬುದು ತೂತುಗಳಲ್ಲಿಯೇ ಕಾಣುತ್ತದೆ.