ಹೀರೋನ ಯಾವಾಗ ತೋರಸ್ತೀರಿ?

ನನ್ನದು ಹುಬ್ಬಳ್ಳಿಯಲ್ಲಿ ಸೌಂಡ್ ಸಿಸ್ಟಮ್ ಬಾಡಿಗೆ ಕೊಡುವ ಧಂದೆ. ಮದುವೆ, ಸೀಮಂತ, ಗಣಪತಿ, ಚುನಾವಣೆ, ಯಾವುದಿದ್ದರೂ ನನ್ನ ಸ್ಪೀಕರ್ ಹೋಗುತ್ತವೆ. ಒಂದು ಪ್ರೊಜೆಕ್ಟರ್ ಕೂಡ ಇದೆ. ಕೆಲಸ ಇಲ್ಲದ ದಿನ ಅದು ನಮ್ಮ ಮಾಳಿಗೆ ಮೇಲೆ ನನ್ನ ಹುಚ್ಚಿಗೆ ದುಡಿಯುತ್ತದೆ. ಹುಚ್ಚು ಅಂದರೆ ಗಾಡ್ಜಿಲ್ಲಾ, ಜಪಾನಿ ಸಿನಿಮಾದಲ್ಲಿ ಹುಟ್ಟಿದ ದೈತ್ಯ ಪ್ರಾಣಿ.

ಇದು ಹತ್ತಿದ್ದು ಕೇಬಲ್ ಟಿವಿಯಲ್ಲಿ 1998ರ ಅಮೆರಿಕದ ಗಾಡ್ಜಿಲ್ಲಾ ನೋಡಿ. ಆಗ ನನಗೆ ಭಾರೀ ಇಷ್ಟವಾಗಿತ್ತು. ಆಮೇಲೆ ಹಳೆಯ ಜಪಾನಿ ಸಿನಿಮಾಗಳನ್ನು ನೋಡುತ್ತಾ ಹೋದಾಗ ಗೊತ್ತಾಯಿತು, ಅಭಿಮಾನಿಗಳು ಅದನ್ನು ಲೆಕ್ಕಕ್ಕೇ ಇಟ್ಟಿಲ್ಲ ಅಂತ. ಗುಂಡು ಬಿದ್ದರೆ ಓಡುವ ದೊಡ್ಡ ಹಲ್ಲಿ ಅದು, ಗಾಡ್ಜಿಲ್ಲಾ ಅಲ್ಲ ಅನ್ನುವುದು ಅವರ ತಕರಾರು. ಮೂಲ ಕಂಪನಿ ತೋಹೊ ಕೂಡ ಆ ಪ್ರಾಣಿಯ ಹೆಸರಿನಿಂದ ‘ಗಾಡ್’ ಕಿತ್ತುಹಾಕಿ ಬರೀ ‘ಜಿಲ್ಲಾ’ ಅಂತ ಇಟ್ಟಿತು. (ನಮ್ಮ ಕಡೆ ಜಿಲ್ಲಾ ಅಂದರೆ ಪಂಚಾಯತಿ ನೆನಪಾಗುತ್ತದೆ, ಅದು ಬೇರೆ ಮಾತು.) 2004ರ ಜಪಾನಿ ಸಿನಿಮಾದಲ್ಲಿ ಅಸಲಿ ಗಾಡ್ಜಿಲ್ಲಾ ಈ ಜಿಲ್ಲಾನನ್ನು ಕೆಲವೇ ಸೆಕೆಂಡುಗಳಲ್ಲಿ ಮುಗಿಸಿಬಿಡುತ್ತದೆ. ಸೇಡು ಅಂದರೆ ಹಾಗಿರಬೇಕು.

ಹೀಗಾಗಿ 2014ರಲ್ಲಿ ಗ್ಯಾರೆತ್ ಎಡ್ವರ್ಡ್ಸ್ ಹೊಸದಾಗಿ ಗಾಡ್ಜಿಲ್ಲಾ ಮಾಡಿದಾಗ ನಾನೇ ಮುಂದೆ ನಿಂತು ನಾಲ್ಕು ಮಂದಿ ಗೆಳೆಯರನ್ನು ಥೇಟರಿಗೆ ಎಳೆದುಕೊಂಡು ಹೋದೆ. ಹೊರಗೆ ಬಂದಾಗ ಬೈಗುಳ ತಿಂದವನೂ ನಾನೇ. ಮೊಬೈಲ್ ಅಂಗಡಿ ಇಟ್ಟಿರುವ ಗೆಳೆಯ ಚೆನ್ನಮ್ಮ ಸರ್ಕಲ್ ಮುಟ್ಟುವ ತನಕ ಒಂದೇ ಮಾತು ಹೇಳಿದ: "ಹೋಳಿಗಿ ಊಟ ಅಂತ ಕರದು ಉಪ್ಪಿನಕಾಯಿ ನೆಕ್ಕಿಸಿ ಕಳಿಸಿದ್ರಲೇ." ಅವನ ಸಿಟ್ಟಿಗೆ ಕಾರಣ ಇತ್ತು. ಎರಡು ತಾಸಿನ ಸಿನಿಮಾದಲ್ಲಿ ಗಾಡ್ಜಿಲ್ಲಾ ಕಾಣುವುದು ಹೆಚ್ಚುಕಮ್ಮಿ ಎಂಟೇ ನಿಮಿಷ.

2019ರಲ್ಲಿ ಎರಡನೇ ಭಾಗ ಬಂತು. ನಿರ್ದೇಶಕ ಮೈಕೆಲ್ ಡೌಹರ್ಟಿ. ಮೊದಲನೆಯದರ ಬೈಗುಳ ಎಲ್ಲ ಕೇಳಿಸಿಕೊಂಡವರ ಹಾಗೆ ಈ ಸಲ ಕೈ ಬಿಚ್ಚಿ ಬಡಿಸಿದ್ದರು. ಗಾಡ್ಜಿಲ್ಲಾ, ಮೂರು ತಲೆಯ ಗಿಡೋರಾ, ಜ್ವಾಲಾಮುಖಿಯಿಂದ ಏಳುವ ರೋಡಾನ್, ಪತಂಗದ ರೂಪದ ಮೋತ್ರಾ. ಅದೇ ಗೆಳೆಯನನ್ನು ಮತ್ತೆ ಕರೆದುಕೊಂಡು ಹೋದೆ. ಹೊರಗೆ ಬಂದು ಅಂದ: "ಈ ಸಲ ಹೋಳಿಗಿ ಎಷ್ಟು ಹಾಕಿದ್ರಂದ್ರ ಎಲಿನ ಕಾಣಲಿಲ್ಲ."

ಇವನಿಗೆ ಬೇಕಾದದ್ದಾದರೂ ಏನು? ಇವನೊಬ್ಬನೇ ಅಲ್ಲ. ಜಗತ್ತಿನ ಅಭಿಮಾನಿಗಳೆಲ್ಲ ಹೆಚ್ಚುಕಡಿಮೆ ಇದೇ ರಾಗ ಹಾಡಿದ್ದರು. ಮೊದಲನೆಯದಕ್ಕೆ ‘ತೋರಿಸಲೇ ಇಲ್ಲ’, ಎರಡನೆಯದಕ್ಕೆ ‘ಕತ್ತಲು, ಮಳೆ, ಗದ್ದಲ, ನಡುವೆ ಕಥೆಯೊಳಗಿನ ಮನೆಯವರ ಜಗಳ ಬೇರೆ’. ಗಳಿಕೆ ನೋಡಿದರೆ ಮೊದಲನೆಯದು 52 ಕೋಟಿ ಡಾಲರ್ ದಾಟಿತ್ತು, ಕೇಳಿದ್ದನ್ನೆಲ್ಲ ಕೊಟ್ಟ ಎರಡನೆಯದು 38 ಕೋಟಿ ಚಿಲ್ಲರೆಗೆ ನಿಂತಿತು. ಈ ಒಗಟು ನನ್ನ ತಲೆ ಕೊರೆಯುತ್ತಲೇ ಇತ್ತು.

2021ರ ಮಾರ್ಚ್‌ನಲ್ಲಿ ಗಾಡ್ಜಿಲ್ಲಾ ಮತ್ತು ದೈತ್ಯ ಗೊರಿಲ್ಲಾ ಕಾಂಗ್ ಎದುರಾಗುವ ಸಿನಿಮಾ ಬರುವುದಿತ್ತು. ಅದಕ್ಕೆ ಮುಂಚೆ ಎರಡೂ ಸಿನಿಮಾಗಳನ್ನು ಮಾಳಿಗೆ ಮೇಲೆ ಹಚ್ಚೋಣ, ಒಂದು ರಾತ್ರಿ ಒಂದು, ಅಂದುಕೊಂಡೆ. ಡಿಸ್ಕ್ ನನ್ನ ಹತ್ತಿರ ಇದ್ದವು. ಮನೆಮಂದಿ, ಗೆಳೆಯರು, ಅಕ್ಕನ ಮಗ, ಅವನ ಓಣಿಯ ಹುಡುಗರು ಎಲ್ಲ ಸೇರಿ ಹದಿನೈದು ಮಂದಿ. ನಾನು ಸಿನಿಮಾ ನೋಡುವುದಿಲ್ಲ, ನೋಡುವವರನ್ನು ನೋಡುತ್ತೇನೆ ಅಂತ ಠರಾಯಿಸಿದೆ.

ಮುಗಿದ ಮೇಲೆ ‘ಹೆಂಗಿತ್ತು?’ ಅಂತ ಕೇಳಿದರೆ ಪ್ರಯೋಜನ ಇಲ್ಲ. ಮದುವೆ ಊಟ ಹೇಗಿತ್ತು ಅಂತ ಕೇಳಿದ ಹಾಗೆ, ಎಲ್ಲರೂ ‘ಚಲೋ ಆತು’ ಅಂತಾರೆ. ಅದಕ್ಕೆ ಬಾಡಿಗೆ ಲೆಕ್ಕ ಬರೆಯುವ ನೋಟ್‌ಬುಕ್‌ನಲ್ಲಿ ಮೂರು ಗೆರೆ ಎಳೆದೆ. ಸಮಯ, ಯಾರು, ಏನು ಮಾಡಿದರು. ಯಾರು ಮೊಬೈಲ್ ತೆಗೆದರು, ಯಾರು ಎದ್ದು ಹೋದರು, ಯಾವಾಗ ಚುರುಮುರಿ ತಿನ್ನುವುದು ನಿಂತಿತು. ಪ್ರೊಜೆಕ್ಟರ್ ಪಕ್ಕ ಕೂತರೆ ಯಾರಿಗೂ ಅನುಮಾನ ಬರುವುದಿಲ್ಲ, ಏನೋ ಸೆಟ್ಟಿಂಗ್ ಮಾಡ್ತಿದ್ದಾನೆ ಅಂದುಕೊಳ್ಳುತ್ತಾರೆ.

ಮೊದಲ ರಾತ್ರಿ ಶುರುವಾಗುವುದೇ ಯಡವಟ್ಟಿನಿಂದ. ಈ ಸಿನಿಮಾ ಮೊದಲೇ ಕತ್ತಲು. ನಮ್ಮ ಓಣಿಯ ಎಲ್‌ಇಡಿ ಬೀದಿದೀಪ ಸೀದಾ ಗೋಡೆಗೆ ಬೀಳುತ್ತಿತ್ತು. ಪರದೆ ಮೇಲೆ ಬೂದಿ ಕಲಸಿದ ಹಾಗೆ ಕಾಣುತ್ತಿತ್ತು, ಮತ್ತೇನೂ ಇಲ್ಲ. ಎಲ್ಲರನ್ನೂ ಎಬ್ಬಿಸಿ, ಜಮಖಾನ ಸುತ್ತಿ, ನೀರಿನ ಟ್ಯಾಂಕಿನ ಹಿಂದಿನ ಗೋಡೆಗೆ ಹೋದೆವು. ಅಲ್ಲಿ ಚಿತ್ರ ಸಣ್ಣದಾಯಿತು, ಆದರೆ ಕತ್ತಲು ಕತ್ತಲಾಗಿ ಕಂಡಿತು. ಬರೀ ಬ್ರೈಟ್‌ನೆಸ್ ಏರಿಸಿದರೆ ಕಪ್ಪು ಎಲ್ಲ ಬಿಳಚಿಕೊಳ್ಳುತ್ತದೆ, ಸುಮ್ನೆ ಜಾಗ ಬದಲಿಸುವುದೇ ವಾಸಿ.

ಆಮೇಲೆ ಸೌಂಡು. ಹದಿನೈದು ಇಂಚಿನ ಬೇಸ್ ಸ್ಪೀಕರ್ ಇಟ್ಟಿದ್ದೆ. ಬೇರೆ ಯಾವುದಕ್ಕಲ್ಲದಿದ್ದರೂ ಗಾಡ್ಜಿಲ್ಲಾನ ಕೂಗಿಗಾದರೂ ಅದು ಬೇಕು. 1954ರಲ್ಲಿ ಸಂಗೀತಗಾರ ಅಕಿರಾ ಇಫುಕುಬೆ ಆ ಕೂಗನ್ನು ಹುಟ್ಟಿಸಿದ್ದು ಕಾಂಟ್ರಾಬಾಸ್ ಅನ್ನುವ ದೊಡ್ಡ ತಂತಿವಾದ್ಯದಿಂದ. ತಂತಿ ಸಡಿಲಿಸಿ, ಅಂಟು ಹಚ್ಚಿದ ಚರ್ಮದ ಕೈಗವಸಿನಿಂದ ಉಜ್ಜಿದ್ದು. 2014ರವರು ಹೊಸ ಕೂಗು ಮಾಡಿ, ಸ್ಟುಡಿಯೋದ ಬೀದಿ ಸೆಟ್ಟಿನಲ್ಲಿ ದೊಡ್ಡ ಕಾರ್ಯಕ್ರಮಗಳಿಗೆ ಬಳಸುವ ಸ್ಪೀಕರ್ ಗುಡ್ಡೆ ಹಾಕಿ ಅದನ್ನು ನುಡಿಸಿ, ಗೋಡೆಗಳಿಗೆ ಬಡಿದು ಬಂದ ಸದ್ದನ್ನು ಮತ್ತೆ ರೆಕಾರ್ಡ್ ಮಾಡಿಕೊಂಡರು. ಇದನ್ನು ಓದಿದ ದಿನ, ಇವರು ನಮ್ಮ ಜಾತಿಯವರು ಅನ್ನಿಸಿತ್ತು ನನಗೆ.

ಆದರೆ ಪಕ್ಕದ ಮನೆ ಅಜ್ಜಿಗೆ ಹಾಗನ್ನಿಸಲಿಲ್ಲ. ಅವರ ಅಡುಗೆಮನೆ ಹಲಗೆ ಮೇಲಿನ ಸ್ಟೀಲ್ ಡಬ್ಬಿಗಳು ಝಣಝಣ ಅಂದು ಒಂದು ಕೆಳಗೆ ಬಿತ್ತಂತೆ. ಮೆಟ್ಟಿಲು ಹತ್ತಿ ಬಂದೇಬಿಟ್ಟರು.

"ಏನೋ ತಮ್ಮಾ, ಭೂಮಿ ನಡಗಸಾಕತ್ತೀಯಲ್ಲೋ!"

"ತಪ್ಪಾತ್ರಿ ಅಜ್ಜಿ, ಕಡಿಮಿ ಮಾಡ್ತೀನ್ರಿ. ಬರ್ರಿ, ಕುಂದರ್ರಿ."

ಬೇಸ್ ಇಳಿಸಿ, ಸ್ಪೀಕರ್ ಕೆಳಗೆ ನಾಲ್ಕು ಗೋಣಿಚೀಲ ಮಡಚಿ ಹಾಕಿದೆ. ನಡುಕ ಸ್ಲ್ಯಾಬಿಗೆ ಇಳಿಯುವುದು ಬಹಳ ಕಡಿಮೆಯಾಯಿತು. ಜಗಳಕ್ಕೆ ಬಂದ ಅಜ್ಜಿ ಕುರ್ಚಿ ಹಾಕಿಸಿಕೊಂಡು ಕೂತರು. ಎರಡು ರಾತ್ರಿಗಳಲ್ಲಿ ನನಗೆ ಸಿಕ್ಕ ಒಳ್ಳೆಯ ಪ್ರೇಕ್ಷಕಿ ಅವರೇ.

ಈಗ ನೋಟ್‌ಬುಕ್ಕಿಗೆ ಬರುತ್ತೇನೆ. ಸಿನಿಮಾ ಶುರುವಾಗಿ ಒಂದು ತಾಸಿನ ಹತ್ತಿರ ಹೊನೊಲುಲು ವಿಮಾನ ನಿಲ್ದಾಣದ ದೃಶ್ಯ. ವಿಮಾನಗಳು ಸಾಲಾಗಿ ಸಿಡಿಯುತ್ತವೆ, ಒಂದು ಕಾಲು ಬಂದು ನೆಲಕ್ಕೆ ಊರುತ್ತದೆ, ಕ್ಯಾಮೆರಾ ಮೇಲೆ ಮೇಲೆ ಹೋಗಿ ಗಾಡ್ಜಿಲ್ಲಾನ ಮುಖ ತೋರಿಸುತ್ತದೆ, ಕೂಗು. ಇನ್ನೇನು ಕಾಳಗ ಶುರು ಅನ್ನುವಾಗ ದೃಶ್ಯ ಕತ್ತರಿಸಿ, ಒಂದು ಮನೆಯೊಳಗೆ ಪುಟ್ಟ ಹುಡುಗ ಟಿವಿಯಲ್ಲಿ ಆ ಕಾಳಗ ನೋಡುತ್ತಿರುತ್ತಾನೆ. ನಮ್ಮ ಮಾಳಿಗೆಯಲ್ಲಿ ಹದಿನೈದು ಬಾಯಿಂದ ಒಟ್ಟಿಗೆ "ಏಏ!" ಬಂತು. ಮೊಬೈಲ್ ಅಂಗಡಿಯವನು ಗೋಡೆಗೆ ಚುರುಮುರಿ ಎಸೆದ. ನಂತರ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಎರಡು ಪ್ರಾಣಿ ಎದುರಾಗುತ್ತವೆ, ಆಗ ಸುರಂಗದ ಆಶ್ರಯತಾಣದ ಬಾಗಿಲು ನಮ್ಮ ಮುಖಕ್ಕೇ ಮುಚ್ಚುತ್ತದೆ. "ರೊಕ್ಕಾ ವಾಪಸ್ ಕೊಡ್ರಿ!" ಅಂತ ಕೂಗಿದರು. ಟಿಕೆಟ್ಟೇ ಇಟ್ಟಿರಲಿಲ್ಲ. ಮುಂದಿನ ಸಾಲಿನ ಹುಡುಗ ನನ್ನ ಕಡೆ ತಿರುಗಿ ಕೇಳಿದ: "ಕಾಕಾ, ಹೀರೋನ ಯಾವಾಗ ತೋರಸ್ತೀರಿ?" ನಾನೇ ಬಚ್ಚಿಟ್ಟುಕೊಂಡಿದ್ದೆನೇನೋ ಅನ್ನುವ ಹಾಗೆ.

ಆದರೆ ನೋಟ್‌ಬುಕ್ ನೋಡಿ. ವಿಮಾನ ನಿಲ್ದಾಣದ ಆ ಕತ್ತರಿ ಬಿದ್ದ ಮೇಲೆ ಕಡೆಯ ತನಕ ಒಬ್ಬರೂ ಕೆಳಗೆ ಹೋಗಲಿಲ್ಲ. ಚಹಾ ಬಂದಾಗಲೂ ಕಪ್ಪನ್ನು ಕೈಯಲ್ಲಿ ತಡವಿ ತೆಗೆದುಕೊಂಡರು, ಕಣ್ಣು ಗೋಡೆ ಮೇಲೇ. ಕೊನೆಗೆ ಹೊಗೆಯೊಳಗೆ ಬಾಲದ ತುದಿಯಿಂದ ನೀಲಿ ಬೆಳಕು ಒಂದೊಂದೇ ಮುಳ್ಳಿಗೆ ಹತ್ತುತ್ತಾ ಬರುತ್ತದಲ್ಲ, ಆಗ ಅಳಿಯ ಎದ್ದು ನಿಂತಿದ್ದ. ತಾನು ನಿಂತದ್ದು ಅವನಿಗೇ ಗೊತ್ತಿರಲಿಲ್ಲ.

ಅಜ್ಜಿಯ ಗಮನ ಬೇರೆ ಕಡೆ ಇತ್ತು. ಗಾಡ್ಜಿಲ್ಲಾ ಹೊಡೆದಾಡುವ ಮ್ಯೂಟೊ ಅನ್ನುವ ಜೋಡಿ ಪ್ರಾಣಿಗಳಲ್ಲಿ ಗಂಡು ಅಣುಬಾಂಬನ್ನು ಕಚ್ಚಿಕೊಂಡು ತಂದು ಹೆಣ್ಣಿಗೆ ಕೊಡುತ್ತದೆ, ಎರಡೂ ಮೂತಿಗೆ ಮೂತಿ ತಾಗಿಸುತ್ತವೆ. "ಬಸುರಿಗೆ ಉಣ್ಣಾಕ ತಂದಾನ ನೋಡು" ಅಂದರು. ಆಮೇಲೆ ಸೈನಿಕ ಆ ಗೂಡಿಗೆ ಬೆಂಕಿ ಇಟ್ಟಾಗ ಎಲ್ಲರೂ ಚಪ್ಪಾಳೆ, ಅಜ್ಜಿ ಮಾತ್ರ ಸೆರಗು ಬಾಯಿಗೆ ಹಿಡಿದರು. "ಪಾಪ, ತತ್ತಿ ಸುಟ್ಟಬಿಟ್ರಲ್ಲೋ. ಅದರ ತಾಯಿ ಏನ್ ಮಾಡ್ಬೇಕು?" ಈ ಸಿನಿಮಾದ ಬಗ್ಗೆ ನಾನು ಎಷ್ಟೋ ಓದಿದ್ದೇನೆ, ಕೇಳಿದ್ದೇನೆ. ಖಳನ ಹೆಂಡತಿಗೆ ಮರುಗಿದವರನ್ನು ಕಂಡದ್ದು ಅವತ್ತೇ.

ಎರಡನೇ ರಾತ್ರಿ. ಅದೇ ಮಂದಿ, ಇನ್ನೂ ಮೂವರು ಜಾಸ್ತಿ. ಮಿರ್ಚಿ ಭಜಿ ಬೇರೆ ಇತ್ತು. ಅಂಟಾರ್ಕ್ಟಿಕಾದ ಮಂಜಿನಿಂದ ಗಿಡೋರಾ ಏಳುವಾಗ ಹುಡುಗರ ಸಿಳ್ಳೆ ಮೂರು ಮನೆಗೆ ಕೇಳಿರಬೇಕು. ಎಡಗಡೆಯ ತಲೆ ಮೈಮರೆತು ಏನೋ ನೆಕ್ಕುತ್ತಾ ನಿಂತಾಗ ನಡುವಿನ ತಲೆ ಅದನ್ನು ಗದರಿಸುತ್ತದೆ. ಅಭಿಮಾನಿಗಳು ಆ ಎಡಗಡೆ ತಲೆಗೆ ‘ಕೆವಿನ್’ ಅಂತ ಹೆಸರಿಟ್ಟಿದ್ದಾರೆ. ನಮ್ಮ ಹುಡುಗರಿಗೆ ಅದು ಗೊತ್ತಿಲ್ಲದೆಯೇ ಅವರೂ ಹೆಸರಿಟ್ಟರು: ‘ಸಣ್ಣ ತಮ್ಮ’. ನಡುವಿನದು ದೊಡ್ಡಣ್ಣ.

ಆದರೆ ಒಂದು ತಾಸು ಕಳೆದ ಮೇಲೆ ನೋಟ್‌ಬುಕ್ಕಿನ ಮೂರನೇ ಗೆರೆ ತುಂಬತೊಡಗಿತು. ಎದ್ದು ಹೋದರು, ಎದ್ದು ಹೋದರು, ಫೋನ್, ಭಜಿ, ಫೋನ್. ಹೋದದ್ದು ಯಾವಾಗ? ಮಂದಿ ಮಾತಾಡುವ ದೃಶ್ಯಗಳಲ್ಲಿ ಅಲ್ಲ. ಕಾಳಗ ನಡೆಯುವಾಗಲೇ! ಗೆಳೆಯ ಏಳುತ್ತಾ ನನಗೆ ಹೇಳಿದ: "ಜಗಳ ಹತ್ತೈತಿ, ಮುಗಿಯೋದರೊಳಗ ಬರ್ತೀನಿ." ಅದನ್ನು ಹಾಗೇ ಬರೆದುಕೊಂಡೆ. ಬಾಸ್ಟನ್ನಿನ ಕೊನೆಯ ಕಾಳಗದಲ್ಲಿ ಸಿಡಿಲು, ಮಳೆ, ಕಟ್ಟಡ ಬೀಳುವುದು ಎಲ್ಲ ಒಟ್ಟಿಗೆ ಇರುವಾಗ ನಮ್ಮ ಮಾವ ಗೊರಕೆ ಹೊಡೆಯುತ್ತಿದ್ದರು. ನನ್ನ ಸ್ಪೀಕರ್ ಪಕ್ಕದಲ್ಲಿ!

ನನಗೆ ಚಿಕ್ಕಂದಿನ ದೊಡ್ಡಾಟ ನೆನಪಾಯಿತು. ಗದಗಿನ ಹತ್ತಿರ ನಮ್ಮ ತಾಯಿಯ ಊರು. ರಾತ್ರಿಯಿಡೀ ಆಟ. ರಾಕ್ಷಸನ ಪಾತ್ರ ಬರುವುದು ಎಷ್ಟೋ ಹೊತ್ತಿನ ಮೇಲೆ. ಮೊದಲು ಒಳಗಿನಿಂದ ಅವನ ಹೂಂಕಾರ, ಆಮೇಲೆ ಮದ್ದಲೆ ಬಿರುಸು, ಆಮೇಲೆ ಇಬ್ಬರು ಹಿಡಿದ ತೆರೆ, ತೆರೆಯ ಮೇಲೆ ಕಿರೀಟದ ತುದಿ. ನಾವು ಹುಡುಗರು ನಿದ್ದೆ ತಡೆದುಕೊಂಡು ಕೂತಿರುತ್ತಿದ್ದುದು ಆ ತುದಿಗೆ. ಒಮ್ಮೆ ಅವನು ಪೂರ್ತಿ ಹೊರಗೆ ಬಂದು ಕುಣಿದು ಮಾತು ಶುರುಮಾಡಿದ ಮೇಲೆ ಅರ್ಧ ಮಂದಿ ಅಲ್ಲೇ ಒರಗುತ್ತಿದ್ದೆವು. ಎಡ್ವರ್ಡ್ಸ್ ತೆರೆಯನ್ನು ಇಳಿಸುವುದಕ್ಕೆ ಒಲ್ಲೆ ಅಂದ. ಡೌಹರ್ಟಿ ನಾಲ್ಕು ರಾಕ್ಷಸರನ್ನು ತೆರೆಯಿಲ್ಲದೆ ಕುಣಿಸಿದ. ಮೊದಲನೆಯದಕ್ಕೆ ಬಿದ್ದ ಬೈಗುಳ ಅಂದರೆ ನನ್ನ ಲೆಕ್ಕದಲ್ಲಿ ಅರ್ಧ ಮೆಚ್ಚುಗೆ, ಕಾಯುವವನು ಮಾತ್ರ ಹಾಗೆ ಬೈತಾನೆ.

ಎರಡನೆಯದನ್ನು ಹಾಗಂತ ತಳ್ಳಿಹಾಕಲಾರೆ. ಜಲಪಾತದ ಹಿಂದೆ ಮೋತ್ರಾ ರೆಕ್ಕೆ ಬಿಚ್ಚುವಾಗ ಮಾಳಿಗೆ ಪೂರ್ತಿ ಸುಮ್ಮನಾಗಿತ್ತು. ಸಂಗೀತ ಕೊಟ್ಟ ಬೇರ್ ಮೆಕ್ರೀರಿ ಇಫುಕುಬೆಯ ಹಳೆಯ ಸ್ವರವನ್ನು ಮತ್ತೆ ತಂದಿದ್ದಾನೆ, ಮೊದಲ ಭಾಗದಲ್ಲಿ ಅದು ಇರಲಿಲ್ಲ. ನಟ ಕೆನ್ ವಟನಾಬೆ ಮಾಡಿದ ವಿಜ್ಞಾನಿ ಸೆರಿಜಾವಾ ಪಾತ್ರ ಸಾಯುವ ದೃಶ್ಯಕ್ಕೆ ನಾನು ಪೆನ್ನು ಕೆಳಗಿಟ್ಟೆ. 1954ರ ಸೆರಿಜಾವಾ ಆಕ್ಸಿಜನ್ ಡಿಸ್ಟ್ರಾಯರ್ ಅನ್ನುವ ಅಸ್ತ್ರ ಬಳಸಿ ಗಾಡ್ಜಿಲ್ಲಾನನ್ನು ಕೊಂದು ತಾನೂ ಸಾಯುತ್ತಾನೆ. 2019ರಲ್ಲಿ ಅದೇ ಹೆಸರಿನ ಅಸ್ತ್ರದಿಂದ ಸಾಯುವ ಸ್ಥಿತಿಗೆ ಬಂದ ಗಾಡ್ಜಿಲ್ಲಾನನ್ನು ಬದುಕಿಸಲು ಅದೇ ಹೆಸರಿನವನು ಅಣುಬಾಂಬ್ ಹಿಡಿದು ಹೋಗಿ ಪ್ರಾಣ ಬಿಡುತ್ತಾನೆ. ಹಳೆಯದು ಗೊತ್ತಿಲ್ಲದವರಿಗೆ ಇದು ಬರೀ ಒಂದು ಸಾವು. ನನ್ನ ಗೆಳೆಯ ಆಗ ಭಜಿಗೆ ಚಟ್ನಿ ಕೇಳುತ್ತಿದ್ದ.

ಒಂದು ಮಾತಿಗೆ ಮಾತ್ರ ನನಗೆ ಮೊದಲ ಭಾಗದ ಮೇಲೆ ಸಿಟ್ಟಿದೆ. 1954ರ ಮಾರ್ಚ್ 1ರಂದು ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಹೈಡ್ರೋಜನ್ ಬಾಂಬ್ ಸಿಡಿಸಿತು. ಜಪಾನಿನ ಮೀನುಗಾರರ ದೋಣಿಯೊಂದರ 23 ಮಂದಿಯ ಮೇಲೆ ಅದರ ವಿಷದ ಬೂದಿ ಬಿತ್ತು. ಅದೇ ವರ್ಷ ನವೆಂಬರಿನಲ್ಲಿ ಮೊದಲ ಗಾಡ್ಜಿಲ್ಲಾ ತೆರೆಗೆ ಬಂತು. ಜಪಾನಿಗೆ ಆ ಪ್ರಾಣಿ ಬಾಂಬಿನ ಶಾಪ. 2014ರವರು ಆ ಪರೀಕ್ಷೆಗಳೆಲ್ಲ ಗಾಡ್ಜಿಲ್ಲಾನನ್ನು ಕೊಲ್ಲಲು ಮಾಡಿದ ಪ್ರಯತ್ನ ಅಂತ ತಿರುಗಿಸಿಬಿಟ್ಟರು. ಆ ತುತ್ತು ನನಗೆ ಇವತ್ತಿಗೂ ಇಳಿಯುವುದಿಲ್ಲ. ಅಜ್ಜಿಗೆ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ್ದು ಒಂದೇ: "ಆ ದೋಣಿಯವರು ಉಳದ್ರೇನೋ?" ಆ ವರ್ಷವೇ ಒಬ್ಬ ತೀರಿಕೊಂಡ ಅಂದೆ.

ಅಳಿಯನ ಲೆಕ್ಕ ನನ್ನದಕ್ಕೆ ಪೂರ್ತಿ ಉಲ್ಟಾ. ಅವನಿಗೆ ಎರಡನೆಯದೇ ದೊಡ್ಡ ಸಿನಿಮಾ. ಮೊದಲನೆಯದರಲ್ಲಿ ಗಾಡ್ಜಿಲ್ಲಾ ಎತ್ತರ 108 ಮೀಟರ್, ಎರಡನೆಯದರಲ್ಲಿ ಸುಮಾರು 120 ಅಂತ ನಾನೇ ಹೇಳಿ ಕೆಟ್ಟೆ. ಅಂದಿನಿಂದ ಕಂಡದ್ದಕ್ಕೆಲ್ಲ ಅದೇ ಅಳತೆಕೋಲು. 2023ರಲ್ಲಿ ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಉದ್ಘಾಟನೆಯಾದಾಗ ಇಡೀ ಊರು ಜಗತ್ತಿನಲ್ಲೇ ಉದ್ದದ್ದು ಅಂತ ಎದೆಯುಬ್ಬಿಸಿತ್ತು. ಅವನು ಮೊಬೈಲಿನಲ್ಲಿ ಭಾಗಿಸಿ ನೋಡಿ, "ಮಾಮಾ, ಹನ್ನೆರಡು ಗಾಡ್ಜಿಲ್ಲಾ ಸಾಲಾಗಿ ಮಲಗಬಹುದು" ಅಂದ. ಬಾಲ ಸೇರಿಸಿದ್ದೀಯೇನೋ ಅಂದೆ. ಆ ತಕರಾರು ಇನ್ನೂ ಮುಗಿದಿಲ್ಲ.

ಅಜ್ಜಿ ಎರಡನೇ ರಾತ್ರಿ ಅರ್ಧಕ್ಕೇ ಎದ್ದು ಹೋಗಿದ್ದರು. ಮರುದಿನ ಬೆಳಿಗ್ಗೆ ರಂಗೋಲಿ ಹಾಕುತ್ತಿದ್ದಾಗ ಯಾಕ್ರಿ ಅಜ್ಜಿ, ಸೇರಲಿಲ್ಲೇನು ಅಂತ ಕೇಳಿದೆ.

"ಅದರಾಗ ಯಾರ ಮನಿ ಯಾವುದು ಗೊತ್ತ ಆಗಲಿಲ್ಲೋ ತಮ್ಮಾ" ಅಂದು ಚುಕ್ಕಿ ಇಡುವುದನ್ನು ಮುಂದುವರಿಸಿದರು. ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತದೆಯೇ ಕೇಳಿದರು: "ಆ ತತ್ತೀದ ಮತ್ತ ಯಾವಾಗ ಹಚ್ತೀ?"