ಬೆನಿಡಾರ್ಮ್‌ನ ಜನವರಿ ಬಿಸಿಲು: ಒಬ್ಬರೇ ಹೋಗುವವರಿಗೆ

ಜನವರಿಯಲ್ಲಿ ಸ್ಪೇನ್ ಕರಾವಳಿಗೆ ಹೋಗುವುದು ಬಿಸಿಲು ಕಾಯಿಸಲು, ಈಜಲು ಅಲ್ಲ. ಸಮುದ್ರದ ನೀರು 14 ಡಿಗ್ರಿ ಆಸುಪಾಸು ಇರುತ್ತದೆ. ಮೊದಲ ದಿನ ನಾನು ಹುಮ್ಮಸ್ಸಿನಲ್ಲಿ ಕಾಲಿಟ್ಟೆ. ಮೊಣಕಾಲು ಮುಳುಗುವ ಮೊದಲೇ ಪಾದದ ಮೂಳೆ ಜುಮ್ ಎಂದಿತು, ವಾಪಸ್ ಓಡಿದೆ. ಪಕ್ಕದಲ್ಲೇ ಒಬ್ಬರು ಅಜ್ಜಿ ಟೋಪಿ ಏರಿಸಿಕೊಂಡು ಸೀದಾ ನೀರಿಗಿಳಿದು ಈಜತೊಡಗಿದರು. ಅವರನ್ನು ನೋಡಿ ನೀವೂ ಹುರುಪು ತಂದುಕೊಳ್ಳಬೇಡಿ.

ನನಗೀಗ 57. ಇರುವುದು ಉತ್ತರ ಇಂಗ್ಲೆಂಡ್‌ನಲ್ಲಿ, ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲೆ. ಗಂಡನಿಗೆ ರಜೆ ಸಿಗಲ್ಲ, ಮಕ್ಕಳಿಗೆ ಪುರುಸೊತ್ತಿಲ್ಲ. ಹಾಗಾಗಿ ಮೂರು ವರ್ಷದಿಂದ ಜನವರಿಯಲ್ಲಿ ಒಂದು ವಾರ ನಾನೊಬ್ಬಳೇ ಬೆನಿಡಾರ್ಮ್‌ಗೆ ಹೋಗಿಬರುತ್ತೇನೆ.

ಬೆನಿಡಾರ್ಮ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಗಗನಚುಂಬಿ ಕಟ್ಟಡ, ಇಂಗ್ಲಿಷರ ಪಬ್ಬು, ಗಲಾಟೆ ಅಂತ ಊರಿಗೆ ಕೆಟ್ಟ ಹೆಸರಿದೆ. ಸುಳ್ಳೇನಲ್ಲ. ಆದರೆ ಸ್ಪೇನ್‌ನ ಎಷ್ಟೋ ಕಡಲೂರುಗಳು ಚಳಿಗಾಲದಲ್ಲಿ ಬಾಗಿಲು ಹಾಕಿಬಿಡುತ್ತವೆ. ಹೋಟೆಲ್ ಬಂದ್, ಅಂಗಡಿ ಬಂದ್, ರಸ್ತೆಯಲ್ಲಿ ಬೆಕ್ಕು ಮಾತ್ರ. ಇಬ್ಬರಿದ್ದರೆ ಅದೂ ಚೆಂದ ಇರಬಹುದು, ಒಬ್ಬರಿಗೆ ಬೇಜಾರು. ಬೆನಿಡಾರ್ಮ್ ಮಲಗುವುದಿಲ್ಲ. ಸ್ಪೇನ್ ಸರ್ಕಾರ ಇಮ್ಸೆರ್ಸೊ ಎನ್ನುವ ಯೋಜನೆಯಲ್ಲಿ ತನ್ನ ಹಿರಿಯರನ್ನು ಕಡಿಮೆ ಖರ್ಚಿನಲ್ಲಿ ಚಳಿಗಾಲದ ಪ್ರವಾಸಕ್ಕೆ ಕಳಿಸುತ್ತದೆ. ಅವರಲ್ಲಿ ಸುಮಾರು ಜನ ಇಲ್ಲಿಗೇ ಬರುತ್ತಾರೆ. ಜೊತೆಗೆ ಇಂಗ್ಲೆಂಡ್ ಕಡೆಯ ಪಿಂಚಣಿದಾರರು. ಜನವರಿಯಲ್ಲಿ ಅಲ್ಲಿ ನಾನೇ ಚಿಕ್ಕವಳು!

ಇನ್ನೊಂದು ಕಾರಣ ಬೆಟ್ಟ. ಊರ ಹಿಂದೆ 1,406 ಮೀಟರ್ ಎತ್ತರದ ಪೂಚ್ ಕಂಪಾನಾ, ಅದರಾಚೆ ಐತಾನಾ ಸಾಲು. ಉತ್ತರದ ಚಳಿಗಾಳಿಯನ್ನು ಅವು ತಡೆಯುತ್ತವೆ. ಹಗಲು 16-17 ಡಿಗ್ರಿ ಸಾಮಾನ್ಯ. ರಾತ್ರಿ 8ರ ಹತ್ತಿರ ಇಳಿಯುತ್ತದೆ.

ಈ ಅಂತರವೇ ಇಡೀ ಪ್ರವಾಸದ ಗುಟ್ಟು. ಜನವರಿ ಮಧ್ಯದಲ್ಲಿ ಸೂರ್ಯ ಹುಟ್ಟುವುದು ಎಂಟೂಕಾಲಿಗೆ, ಮುಳುಗುವುದು ಆರರ ಸುಮಾರಿಗೆ. ಅದರಲ್ಲಿ ನಿಜಕ್ಕೂ ಮೈ ಬೆಚ್ಚಗಾಗುವುದು ಹನ್ನೊಂದರಿಂದ ನಾಲ್ಕರವರೆಗೆ. ಆ ಐದು ಗಂಟೆ ಹೊರಗಿರಿ. ಶಾಪಿಂಗ್, ಬಟ್ಟೆ ಒಗೆಯುವುದು, ಮನೆಗೆ ಫೋನು, ಎಲ್ಲ ಅದಕ್ಕೆ ಮೊದಲು ಇಲ್ಲವೇ ಆಮೇಲೆ. ಒಬ್ಬರೇ ಇರುವುದರ ಲಾಭ ಇಲ್ಲೇ ಗೊತ್ತಾಗುವುದು. "ಸ್ವಲ್ಪ ಇರು, ರೆಡಿಯಾಗ್ತೀನಿ" ಅನ್ನುವವರು ಯಾರೂ ಇಲ್ಲ.

ಈಗ ಕೋಣೆ. ಇಲ್ಲಿ ನಾನು ಸರಿಯಾಗಿ ಪೆಟ್ಟು ತಿಂದಿದ್ದೇನೆ. ಮೊದಲ ವರ್ಷ ಅಗ್ಗ ಅಂತ ಒಂದು ಅಪಾರ್ಟ್‌ಮೆಂಟ್ ಬಾಡಿಗೆಗೆ ಹಿಡಿದೆ. ಫೋಟೋದಲ್ಲಿ ಬಿಳಿ ಗೋಡೆ, ಫಳಫಳ ಹೊಳೆಯುವ ಟೈಲ್ಸ್. ರಾತ್ರಿ ಆ ಟೈಲ್ಸ್ ಮೇಲೆ ಬರಿಗಾಲಿಟ್ಟರೆ ಐಸ್ ಮೇಲೆ ನಿಂತ ಹಾಗೆ. ಬೇಸಿಗೆಗೆಂದೇ ಕಟ್ಟಿದ ಮನೆ, ತಂಪಾಗಿರಲಿ ಅಂತಲೇ ಮಾಡಿದ್ದು. ಹೀಟರ್ ಇರಲಿಲ್ಲ. ಎರಡು ಸ್ವೆಟರ್, ಮೇಲೊಂದು ಶಾಲು, ಕಾಲಿಗೆ ಎರಡು ಜೊತೆ ಸಾಕ್ಸ್ ಹಾಕಿ ಮಲಗಿದೆ. ಹೊರಗೆ ನಡುಮಧ್ಯಾಹ್ನ ಅರ್ಧ ತೋಳಿನ ಅಂಗಿ, ಒಳಗೆ ಹಲ್ಲು ಕಟಕಟ!

ಆದ್ದರಿಂದ ಬುಕ್ ಮಾಡುವ ಮೊದಲು "ಕಲೆಫಕ್ಸಿಯೋನ್" ಇದೆಯಾ ಅಂತ ಬರೆದು ಕೇಳಿ. ಹಾಗೆಂದರೆ ಹೀಟಿಂಗ್. ಬಾಲ್ಕನಿ ದಕ್ಷಿಣಕ್ಕಿರಲಿ. ಸಮುದ್ರ ಕಾಣದಿದ್ದರೂ ಪರವಾಗಿಲ್ಲ, ಬಿಸಿಲು ಬೀಳಬೇಕು. ಚಳಿಗಾಲದ ಸೂರ್ಯ ತಗ್ಗಿನಲ್ಲಿ ಸಾಗುತ್ತಾನೆ. ಎತ್ತರದ ಕಟ್ಟಡಗಳ ಹಿಂದಿನ ಬೀದಿಗಳಲ್ಲಿ ನೆರಳೇ ಜಾಸ್ತಿ. ನಾನೀಗ ಹೋಟೆಲ್‌ನಲ್ಲೇ ಇರುತ್ತೇನೆ, ಬೆಳಗಿನ ತಿಂಡಿ ಸಮೇತ. ಒಬ್ಬರಿಗೆ ಕೋಣೆ ಕೊಡಲು ಕೆಲವರು ಹೆಚ್ಚುವರಿ ದುಡ್ಡು ಕೇಳುತ್ತಾರೆ. ಹೊಟ್ಟೆ ಉರಿಯುತ್ತದೆ ನಿಜ. ಒಂಟಿ ಮಂಚದ ಕೋಣೆ ಇದೆಯೇ ಅಂತ ಹೋಟೆಲಿಗೇ ನೇರ ಬರೆದು ಕೇಳಿ ನೋಡಿ.

ದಿನಾಂಕ ಆರಿಸುವಾಗ ಜನವರಿ 6 ನೆನಪಿರಲಿ. ಮೂವರು ರಾಜರ ಹಬ್ಬ, ಅಂಗಡಿಗಳು ಮುಚ್ಚಿರುತ್ತವೆ. ಹಿಂದಿನ ಸಂಜೆ ಮೆರವಣಿಗೆ, ರಥದ ಮೇಲಿಂದ ಮಿಠಾಯಿ ಎಸೆಯುತ್ತಾರೆ. ನೋಡುವ ಆಸೆ ಇದ್ದರೆ ಸರಿ, ಇಲ್ಲದಿದ್ದರೆ ಅದು ಮುಗಿದ ಮೇಲೆ ಹೋಗಿ.

ಭಾರತದ ಪಾಸ್‌ಪೋರ್ಟ್ ಇದ್ದರೆ ಷೆಂಗೆನ್ ವೀಸಾ (ಸ್ಪೇನ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಬೇಕೇ ಬೇಕು, ಬ್ರಿಟನ್ನಿನಲ್ಲಿ ವಾಸಕ್ಕೆ ಪರವಾನಗಿ ಇದ್ದರೂ ಸಹ. 2024ರಿಂದ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆಯೂ ಇರಬೇಕು. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕೊನೆ ಗಳಿಗೆಗೆ ಬಿಡಬೇಡಿ.

ವಿಮಾನ ಅಲಿಕಾಂತೆಗೆ. ನಿಲ್ದಾಣದಿಂದಲೇ ಬೆನಿಡಾರ್ಮ್‌ಗೆ ಬಸ್ಸಿದೆ, ಒಂದು ಗಂಟೆಯೊಳಗೆ ತಲುಪಿಸುತ್ತದೆ. ಟ್ಯಾಕ್ಸಿ ಒಬ್ಬರಿಗೆ ದಂಡ.

ಊರಿಗೆ ಎರಡು ಕಡಲತೀರ. ಪೂರ್ವಕ್ಕೆ ಲೆವಾಂತೆ, ಸುಮಾರು 2 ಕಿಲೋಮೀಟರ್. ಪಶ್ಚಿಮಕ್ಕೆ ಪೊನಿಯೆಂತೆ, ಸುಮಾರು 3. ನಡುವೆ ಬಂಡೆಯ ಮೇಲೆ ಹಳೇ ಊರು, ನೀಲಿ ಗುಮ್ಮಟದ ಚರ್ಚು, ಬಿಳಿ ಕಂಬಗಳ ಕಟಾಂಜನ. ಲೆವಾಂತೆಯಲ್ಲಿ ಗದ್ದಲ. ನನ್ನ ಮತ ಪೊನಿಯೆಂತೆಗೆ. ಬೆಂಚು ಹಿಡಿದು, ಒಂದು ಕಿತ್ತಳೆ ಸುಲಿದು, ಕಣ್ಣು ಮುಚ್ಚಿ ಕೂತರೆ ಆಯ್ತು. ಅಲ್ಲಿ ಆಗ ಕಿತ್ತಳೆಯ ಸುಗ್ಗಿ. ಎಲೆ ಸಮೇತ ಮಾರುತ್ತಾರೆ, ಉಗುರು ತಾಕಿದರೆ ಸಾಕು ಸಿಪ್ಪೆ ಬಿಟ್ಟುಕೊಳ್ಳುತ್ತದೆ.

ಒಬ್ಬರೇ ಇದ್ದಾಗ ಬ್ಯಾಗ್ ನೋಡಿಕೊಳ್ಳುವವರಿರಲ್ಲ. ಪಾಸ್‌ಪೋರ್ಟ್ ಕೋಣೆಯ ಲಾಕರಿನಲ್ಲಿ, ಅದರ ಜೆರಾಕ್ಸ್ ಕೈಯಲ್ಲಿ, ಹೆಗಲಿಗಡ್ಡ ಹಾಕುವ ಸಣ್ಣ ಚೀಲ ಮೈಮೇಲೆ. ಲೆವಾಂತೆಯ ದಾರಿಯಲ್ಲಿ ಮೂರು ಮುಚ್ಚಳ, ಕೆಳಗೊಂದು ಉಂಡೆ ಇಟ್ಟು ಬಾಜಿ ಕಟ್ಟಿಸುವವರು ಸಿಗಬಹುದು. ಸುತ್ತ ನಿಂತು ಗೆದ್ದು ಕುಣಿಯುವವರೂ ಅವರದೇ ಪೈಕಿ. ನೋಡಲೂ ನಿಲ್ಲಬೇಡಿ, ನಿಂತಲ್ಲೇ ಜೇಬು ಖಾಲಿ. ತುರ್ತಿಗೆ 112.

ಊಟದ ಮುಖ್ಯ ಹೊತ್ತು ಮಧ್ಯಾಹ್ನ, ಒಂದೂವರೆಯಿಂದ ಮೂರೂವರೆ. "ಮೆನು ದೆಲ್ ದಿಯಾ" ಅಂತ ಹಲಗೆಯ ಮೇಲೆ ಬರೆದಿರುತ್ತಾರೆ. ಎರಡು ಬಗೆ ಊಟ, ಬ್ರೆಡ್ಡು, ಸಿಹಿ ಅಥವಾ ಕಾಫಿ, ಎಷ್ಟೋ ಕಡೆ ಕುಡಿಯಲೂ ಏನಾದರೂ ಸೇರಿ ಒಂದೇ ಬೆಲೆ. ಒಂಟಿಯವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಪಾಯೆಯಾ, ಅಂದರೆ ಅಗಲ ಬಾಣಲೆಯಲ್ಲಿ ಬೇಯಿಸಿದ ಅಲ್ಲಿನ ಅನ್ನ, ತಿನ್ನಬೇಕೆಂದು ಹೋದರೆ ಬಹಳ ಕಡೆ ಕನಿಷ್ಠ ಇಬ್ಬರಿರಬೇಕು ಅನ್ನುತ್ತಾರೆ. ಅದೇ ದಿನದ ಮೆನುವಿನಲ್ಲಿದ್ದರೆ ಒಂದು ತಟ್ಟೆಯೂ ಕೊಡುತ್ತಾರೆ. ಟೆರೇಸಿನಲ್ಲಿ, ಬಿಸಿಲಿನ ಕಡೆ ಮುಖ ಮಾಡಿ ಕೂರಿ.

ಸಸ್ಯಾಹಾರಿಗಳೇ, ಸ್ವಲ್ಪ ಹುಷಾರು. "ಎನ್ಸಲಾದಾ ಮಿಸ್ತಾ" ಅಂದರೆ ಬರೀ ಸೊಪ್ಪು ತರಕಾರಿ ಅಂದುಕೊಂಡಿದ್ದೆ. ಮೇಲೆ ಟ್ಯೂನಾ ಮೀನು ರಾಶಿ ಹಾಕಿ ತಂದರು. ಮಾಂಸ ಬೇಡ ಅಂದರೆ ಹ್ಯಾಮ್ (ಉಪ್ಪು ಹಾಕಿ ಒಣಗಿಸಿದ ಹಂದಿ ಮಾಂಸ) ಹಾಕುತ್ತಾರೆ, ಅವರ ಲೆಕ್ಕದಲ್ಲಿ ಅದೇ ಬೇರೆ. "ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೆಸ್ಕಾದೊ, ಸಿನ್ ಅತೂನ್" ಅಂತ ಮಗ್ಗಿ ಹೇಳಿದ ಹಾಗೆ ನಾಲ್ಕನ್ನೂ ಹೇಳಿ. ಮಾಂಸ, ಹ್ಯಾಮ್, ಮೀನು, ಟ್ಯೂನಾ ಯಾವುದೂ ಬೇಡ ಅಂತ ಅರ್ಥ. ಟೊಮೆಟೊ ತಿಕ್ಕಿದ ಬ್ರೆಡ್ಡು, ಉಪ್ಪು ಉದುರಿಸಿ ಹುರಿದ ಪದ್ರೋನ್ ಮೆಣಸಿನಕಾಯಿ, ಮೊಟ್ಟೆ ತಿನ್ನುವವರಾದರೆ ತೊರ್ತಿಯಾ, ಅಂದರೆ ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್. ಇಷ್ಟರಲ್ಲಿ ಒಂದು ವಾರ ಕಳೆಯಬಹುದು. ಚಟ್ನಿಪುಡಿ ಡಬ್ಬಿ ಒಯ್ದಿದ್ದೆ, ಸಂಕೋಚವಿಲ್ಲದೆ ಹೇಳುತ್ತೇನೆ.

ಕಷ್ಟದ ಹೊತ್ತು ಒಂದೇ, ಸಂಜೆ ಆರರಿಂದ ಎಂಟೂವರೆ. ಹೊತ್ತು ಮುಳುಗಿದ ಕೂಡಲೇ ಚಳಿ, ಅಲ್ಲಿಯವರ ರಾತ್ರಿ ಊಟಕ್ಕೆ ಇನ್ನೂ ತಡ. ಕೋಣೆಗೆ ಹೋಗಿ ಮೊಬೈಲ್ ಹಿಡಿದು ಕೂತರೆ "ಯಾಕಾದರೂ ಒಬ್ಬಳೇ ಬಂದೆನೋ" ಅನ್ನಿಸಿಬಿಡುತ್ತದೆ. ನನಗೆ ಎರಡನೇ ದಿನವೇ ಅನ್ನಿಸಿತ್ತು, ಅತ್ತೂಬಿಟ್ಟೆ. ಆ ಹೊತ್ತಿಗೆ ಸ್ಪೇನ್ ಜನ ಚುರ್ರೋಸ್ ತಿನ್ನುತ್ತಾರೆ. ಕರಿದ ಹಿಟ್ಟಿನ ಕೋಲು, ಜೊತೆಗೆ ಗಟ್ಟಿ ಬಿಸಿ ಚಾಕೊಲೇಟು. ಅದನ್ನು ಮುಂದಿಟ್ಟುಕೊಂಡು ನಿಧಾನಕ್ಕೆ ಒಂದು ಗಂಟೆ ಕೂತರೂ ಯಾರೂ ಎಬ್ಬಿಸಲ್ಲ. ನಾನಿದ್ದ ಹೋಟೆಲಿನಲ್ಲಿ ಸಂಜೆ ಹಿರಿಯರ ಡ್ಯಾನ್ಸ್ ಇರುತ್ತಿತ್ತು. ಸುಮ್ನೆ ಮೂಲೆಯಲ್ಲಿ ಕೂತಿದ್ದವಳನ್ನು ಕೆಂಪು ಕಾರ್ಡಿಗನ್ ಹಾಕಿದ ಅಮ್ಮ ಒಬ್ಬರು ಕೈಹಿಡಿದು ಎಳೆದೇಬಿಟ್ಟರು. ಪೂಚ್ ಕಂಪಾನಾದ ನೆತ್ತಿಯಲ್ಲಿ ಚಚ್ಚೌಕವಾಗಿ ಕಡಿದ ಹಾಗೆ ಒಂದು ಕಿಂಡಿ ಇದೆ. ಅದರ ಕತೆಯನ್ನು ನನಗೆ ಕೈಸನ್ನೆಯಲ್ಲೇ ಹೇಳಿದವರೂ ಅವರೇ. ಸೂರ್ಯ ಮುಳುಗುವಾಗ ತನ್ನ ಹೆಂಗಸು ಸಾಯುತ್ತಾಳೆಂದು ಗೊತ್ತಾಗಿ, ರೋಲ್ದಾನ್ ಎಂಬ ದೈತ್ಯ ಇನ್ನೊಂದಿಷ್ಟು ಬೆಳಕು ಸಿಗಲೆಂದು ಬೆಟ್ಟವನ್ನೇ ಕಡಿದನಂತೆ. ಆ ತುಂಡು ಕಡಲಿಗೆ ಬಿದ್ದು ಎದುರಿನ ದ್ವೀಪ ಆಯಿತಂತೆ.

ಒಂದು ದಿನ ಟ್ರಾಮ್ ಹತ್ತಿ ಅಲ್ತೇಯಾಗೆ ಹೋಗಿ, ಗುಡ್ಡದ ಮೇಲಿನ ಬಿಳಿ ಊರು, ಮೆಟ್ಟಿಲು ಜಾಸ್ತಿ. ಇನ್ನೊಂದು ದಿನ ಅಲಿಕಾಂತೆ ಕಡೆಯ ಟ್ರಾಮಿನಲ್ಲಿ ವಿಯ್ಯಾಹೊಯೋಸಾ. ಬಣ್ಣಬಣ್ಣದ ಮನೆಗಳು, ಚಾಕೊಲೇಟಿಗೆ ಹೆಸರುವಾಸಿ. ಲೆವಾಂತೆಯ ತುದಿಯಿಂದ ಸೆರ್ರಾ ಜೆಲಾದಾ ಗುಡ್ಡದ ಶಿಲುಬೆಯವರೆಗೆ ಡಾಂಬರು ದಾರಿಯಲ್ಲೇ ಹತ್ತಬಹುದು. ಕತ್ತಲಾಗುವ ಮೊದಲು ಇಳಿದುಬಿಡಿ.

ವಾಪಸ್ ವಿಮಾನ ಸಂಜೆಯದೇ ನೋಡಿ. ಕೋಣೆ ಬಿಟ್ಟ ಮೇಲೂ ಪೆಟ್ಟಿಗೆಯನ್ನು ಹೋಟೆಲಿನಲ್ಲೇ ಇಟ್ಟುಕೊಳ್ಳುತ್ತಾರೆ, ಕೊನೆಯ ದಿನದ ಬಿಸಿಲೂ ನಿಮ್ಮದೇ. ಸ್ವೆಟರ್ ಮಾತ್ರ ಪೆಟ್ಟಿಗೆಗೆ ತುರುಕಬೇಡಿ. ಬಸ್ ಸ್ಟ್ಯಾಂಡ್‌ನಲ್ಲಿ ಕಾಯುವಾಗಲೇ ಬೇಕಾಗುತ್ತದೆ.