ಕೆಳಗೆ ನಿಂತು ನೋಡುವವರ ಕಣ್ಣಿಗೆ

ವಸ್ತುಪ್ರದರ್ಶನ ಭವನದ ಬಾಗಿಲ ಎರಡೂ ಕಡೆ ನಿಲ್ಲಿಸಲು ನಾನು ಕೆತ್ತಿದ್ದು ರಾಗಿ ಕೊಯ್ಯುವ ಹೆಂಗಸು ಮತ್ತು ಡೊಳ್ಳು ಬಾರಿಸುವವನ ವಿಗ್ರಹ. ಒಂದೊಂದು 11 ಅಡಿ, ಕೆಳಗೆ 5 ಅಡಿ ಪೀಠ.

ದೇವರ ಮೂರ್ತಿಗೆ ನಮಗೆ ತಾಳಮಾನದ ಲೆಕ್ಕ ಇದೆ, ಅಂದರೆ ಮುಖದ ಉದ್ದವೇ ಅಳತೆಗೋಲು. ಮುಖ 12 ಅಂಗುಲ, ನವತಾಳದಲ್ಲಿ, ಅಂದರೆ ಒಂಬತ್ತು ಮುಖದ ಲೆಕ್ಕದಲ್ಲಿ, ಪೂರ್ತಿ ಎತ್ತರ 108 ಅಂಗುಲ. ಅದನ್ನೇ ಹಿಗ್ಗಿಸಿ ಪೀಠದ ಮೇಲಿಟ್ಟರೆ ಕೆಳಗೆ ನಿಂತವರಿಗೆ ತಲೆ ಸಣ್ಣದಾಗಿ ಕಾಣುತ್ತದೆ. ಹಾಗಾಗಿ 2 ಅಡಿಯ ಮಣ್ಣಿನ ಮಾದರಿ ಮಾಡಿ, ಅದರ ಪಾದ ನನ್ನ ಕಣ್ಣಿನ ಮಟ್ಟಕ್ಕೆ ಬರುವಂತೆ ಎತ್ತರದಲ್ಲಿಟ್ಟು, ತೀರಾ ಹತ್ತಿರ ನಿಂತು ನೋಡಿದೆ. ತಲೆಯನ್ನು ಸ್ವಲ್ಪ ಹಿಗ್ಗಿಸಿದೆ, ಮುಖವನ್ನು ಸ್ವಲ್ಪ ಬಾಗಿಸಿದೆ. ಶ್ರವಣಬೆಳಗೊಳದ 58 ಅಡಿಯ ಗೊಮ್ಮಟನನ್ನೇ ನೋಡಿ. ಮೇಲಿನ ಮೈಗೆ ಹೋಲಿಸಿದರೆ ಮೊಣಕಾಲಿನ ಕೆಳಗೆ ಗಿಡ್ಡ. ಪಾದದ ಹತ್ತಿರ ನಿಂತವರಿಗೆ ಅದು ಕೊರತೆ ಅನ್ನಿಸುವುದೇ ಇಲ್ಲ, ಅಲ್ವಾ? ಆ ಮುಖವನ್ನು ಎಷ್ಟು ಹೊತ್ತು ನೋಡಿದರೂ ನನಗೆ ಸಾಲದು.

ಕಲ್ಲು ಹೆಗ್ಗಡದೇವನಕೋಟೆ ಕಡೆಯ ಕೃಷ್ಣಶಿಲೆ. 12 ಅಡಿ ಉದ್ದ, 5 ಅಡಿ ಅಗಲ, 4 ಅಡಿ ದಪ್ಪದ ದಿಮ್ಮಿ ಅಂದರೆ 18 ಟನ್ನಿಗೆ ಕಡಿಮೆ ಇರುವುದಿಲ್ಲ. ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ ನೋಡಿದೆ. ಗಂಟೆಯಂತೆ ನಾದ ಬರಬೇಕು, ಮಂಕು ಸದ್ದು ಬಂದರೆ ಒಳಗೆ ಬಿರುಕು. ಆಮೇಲೆ ನೀರು ಸುರಿದೆ. ಉಳಿದ ಕಡೆ ಒಣಗಿದರೂ ಬಿರುಕಿನ ಗೆರೆ ಒದ್ದೆಯಾಗಿಯೇ ಉಳಿಯುತ್ತದೆ.

ಡೊಳ್ಳಿನವನು ಕಾಲೆತ್ತಿ ಹಾರುವಂತಿರಲಿ ಅಂತ ಭವನದವರ ಆಸೆ. ನಾನು ಒಪ್ಪಲಿಲ್ಲ. ಕಂಚಾದರೆ ಒಳಗೆ ಟೊಳ್ಳು, ಕಬ್ಬಿಣದ ಕಂಬಿ ಕೊಟ್ಟು ನಿಲ್ಲಿಸಬಹುದು. ಕಲ್ಲಿನಲ್ಲಿ ಇಡೀ ಭಾರ ಬೀಳುವುದು ಕಣಕಾಲಿನ ಮೇಲೆ. ಅಲ್ಲೇ ಮುರಿಯುವುದು. ಎರಡೂ ಕಾಲು ಊರಿ ಮಂಡಿ ಬಗ್ಗಿಸಿದೆ, ಹಿಂದೆ ಆಧಾರಕ್ಕೆ ಸ್ವಲ್ಪ ಕಲ್ಲನ್ನು ಕೆತ್ತದೆ ಉಳಿಸಿದೆ. ಕುಣಿತವನ್ನು ಸೊಂಟ, ಭುಜಕ್ಕೆ ತಂದೆ. ಹೆಂಗಸಿಗೆ ಸೀರೆಯ ನೆರಿಗೆಯೇ ಆಧಾರ. ಕುಡುಗೋಲು ಗಾಳಿಯಲ್ಲಿ ಚಾಚಿಲ್ಲ, ತೊಡೆಗೆ ಅಂಟಿಕೊಂಡಿದೆ.

ಕಟಿಂಗ್ ಮಷಿನ್‌ನಲ್ಲಿ ಪಕ್ಕಪಕ್ಕ ಗೀರು ಹಾಕಿ, ನಡುವಿನ ಕಲ್ಲನ್ನು ಸುತ್ತಿಗೆಯಿಂದ ಉದುರಿಸುತ್ತಾ ಹೋದೆವು. ಧೂಳು ಏಳದಂತೆ ನೀರು ಬಿಡಲೇಬೇಕು, ಮಾಸ್ಕ್ ಹಾಕಲೇಬೇಕು. ಕಲ್ಲುಧೂಳಿಗೆ ಶ್ವಾಸಕೋಶ ಕಳೆದುಕೊಂಡವರು ನಮ್ಮಲ್ಲಿ ಜಾಸ್ತಿ. ನನ್ನ ಶೆಡ್ಡಿನ ಹುಡುಗರಿಗೆ ಇದರಲ್ಲಿ ವಿನಾಯಿತಿ ಇಲ್ಲ.

ಪೀಠದ ಕೆಳಗೆ ಭಾರ ಹೊರುವ ಕಂಬ ಬರುವಂತೆ ಎಂಜಿನಿಯರ್ ಜೊತೆ ಮೊದಲೇ ಮಾತಾಡಿದ್ದೆ. ಮುಂದಿನ ಗಾಜಿನ ಗೋಡೆ ಮುಚ್ಚುವ ಮುಂಚೆ, ಅಗಲದ ಬೆಲ್ಟ್ ಕಟ್ಟಿ ಕ್ರೇನಿನಲ್ಲಿ ಇಳಿಸಿದೆವು.

ಕಣ್ಣನ್ನು ಮಾತ್ರ ಕೆತ್ತದೆ ಬಿಟ್ಟಿದ್ದೆ. ದೇವರ ಮೂರ್ತಿಗೂ ಕಣ್ಣು ತೆರೆಸುವುದು ಕೊನೆಗೇ. ಇಲ್ಲಿ ಕಾರಣ ಬೇರೆ. ಚಾವಣಿಯ ದೀಪಕ್ಕೆ ಹುಬ್ಬಿನ ನೆರಳು ಎಲ್ಲಿಯವರೆಗೆ ಬೀಳುತ್ತದೆ ಅಂತ ಅಲ್ಲೇ ನೋಡಬೇಕಿತ್ತು. ಅಟ್ಟಣೆ ಹತ್ತಿ ಹುಬ್ಬನ್ನು ತೆಳು ಮಾಡಿದೆ. ಕೆಳಗಿನ ರೆಪ್ಪೆ ಕಣ್ಣುಗುಡ್ಡೆಗೆ ಅಡ್ಡ ಬರದಂತೆ ಸ್ವಲ್ಪ ಇಳಿಸಿದೆ. ಪಾಲಿಶ್ ಕೊಟ್ಟಿದ್ದು ಮುಖ, ಕೈಗಳಿಗೆ ಮಾತ್ರ. ಅವು ಕಪ್ಪಾಗಿ ಹೊಳೆಯುತ್ತವೆ, ಉಳಿಯ ಗುರುತು ಬಿಟ್ಟ ಬಟ್ಟೆ ಬೂದು ಬಣ್ಣಕ್ಕೆ ನಿಲ್ಲುತ್ತದೆ.